ಮದ್ದು ಗೊತ್ತು, ಗುಂಡು ಗೊತ್ತೆ?

ಚಿತ್ರದುರ್ಗದ ಏಳುಸುತ್ತಿನ ಕೋಟೆ ನೋಡಲು ಹೋದವರು ಮದ್ದು ಅರೆಯುವ ಬೀಸುಕಲ್ಲುಗಳನ್ನು ನೋಡದೆ ಹಿಂತಿರುಗುವುದಿಲ್ಲ. ತಗ್ಗಿನಲ್ಲಿ ಕಟ್ಟಿದ ಜಾಗದಲ್ಲಿ ನಾಲ್ಕು ಭಾರಿ ಬೀಸುಕಲ್ಲುಗಳು. ಕೋಣಗಳನ್ನು ಕಟ್ಟಿ ತಿರುಗಿಸುತ್ತಿದ್ದರೆಂದು ಕೆಲವರು, ಆನೆಗಳಿಂದಲೇ ತಿರುಗಿಸುತ್ತಿದ್ದರೆಂದು ಇನ್ನು ಕೆಲವರು ಹೇಳುತ್ತಾರೆ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿದರೆ ಮದ್ದು ಎಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ನಮ್ಮ ಮಾತಿನಲ್ಲಿ ‘ಮದ್ದುಗುಂಡು’ ಎಂಬುದು ಜೋಡಿಪದ. ಮದ್ದಿನ ಕತೆ ಕೇಳಿದ ನಾವು ಗುಂಡಿನ ಕತೆ ಕೇಳಿದ್ದೇವೆಯೆ? ಅದನ್ನು ಯಾರು, ಯಾವುದರಿಂದ, ಹೇಗೆ ಮಾಡುತ್ತಿದ್ದರು? ಅದಕ್ಕೆ ಕೊಬ್ಬನ್ನೋ ಮೇಣವನ್ನೋ ಏಕೆ ಸವರುತ್ತಿದ್ದರು? ಕೇಳಲು ಸಣ್ಣ ಪ್ರಶ್ನೆಗಳು. ಆದರೆ ಇವುಗಳ ಉತ್ತರ ದುರ್ಗದ ಬೆಟ್ಟದಿಂದ ಹಲಗಲಿಯವರೆಗೆ, ಹೊಸದುರ್ಗ-ಹೊಳಲ್ಕೆರೆಯ ಕಾಡಿನ ನರಭಕ್ಷಕ ಹುಲಿಯವರೆಗೆ ನಮ್ಮನ್ನು ಕರೆದೊಯ್ಯುತ್ತದೆ.

ಹೈದರಾಲಿ ೧೭೭೯ರಲ್ಲಿ ದುರ್ಗವನ್ನು ವಶಪಡಿಸಿಕೊಂಡು ಮದಕರಿನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದ. ಆ ಕಾಲದ ಕಾಳಗಗಳಲ್ಲಿ ಬಿಲ್ಲು, ಈಟಿ, ಕತ್ತಿಗಳ ಜೊತೆ ಕೋವಿಯೂ ಇತ್ತು. ಓಬವ್ವನ ಕೈಗೆ ಸಿಕ್ಕ ಒನಕೆಯೂ ಸೇರಿ ಆಯುಧಗಳ ಪಟ್ಟಿ ದೊಡ್ಡದೇ. ಆದರೆ ಬಿಲ್ಲಿಗೂ ಕೋವಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಬಾಣವನ್ನು ಬೇಡನು ತನ್ನ ಕಾಡಿನಲ್ಲೇ ಹುಟ್ಟಿಸಿಕೊಳ್ಳಬಲ್ಲ. ಬಿದಿರು, ಗರಿ, ಊರ ಕಮ್ಮಾರ ಬಡಿದುಕೊಟ್ಟ ಅಲಗು ಇದ್ದರೆ ಸಾಕು. ಕೋವಿ ಹಾಗಲ್ಲ. ಅದಕ್ಕೆ ಪ್ರತಿ ಸಲವೂ ಮದ್ದು ಬೇಕು, ಸೀಸ ಬೇಕು. ಮದ್ದು, ಸೀಸಗಳ ಮೇಲೆ ಹಿಡಿತವಿದ್ದವನಿಗೆ ಕೋವಿ ಹಿಡಿದವನ ಮೇಲೂ ಹಿಡಿತ. ಮುಂದೆ ಬಂದ ಆಯುಧ ಕಾಯಿದೆಗಳೆಲ್ಲ ಕೋವಿಯ ಜೊತೆಗೆ ಮದ್ದುಗುಂಡನ್ನೂ ಹೆಸರಿಸಿ ನಿಯಂತ್ರಿಸಿದ್ದು ಇದೇ ಕಾರಣಕ್ಕೆ.

ಸೀಸವೇ ಏಕೆ?

ದುರ್ಗದ ಸೀಮೆಯಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಹೊಳಲ್ಕೆರೆ, ಹೊಸದುರ್ಗಗಳ ಗುಡ್ಡಗಳಿಂದ ಇಂದಿಗೂ ಕಬ್ಬಿಣದ ಅದಿರು ಲಾರಿಗಳಲ್ಲಿ ಹೋಗುತ್ತದೆ. ಹಾಗಿದ್ದರೆ ಕಬ್ಬಿಣದ ಗುಂಡನ್ನೇ ಏಕೆ ಬಳಸಲಿಲ್ಲ? ತೋಪಿಗೆ ಬಳಸಿದರು, ಕಲ್ಲಿನ ಗುಂಡನ್ನೂ ಬಳಸಿದರು. ಆದರೆ ಕೈಕೋವಿಗೆ ಸೀಸದಷ್ಟು ಒದಗಿದ ಲೋಹ ಇನ್ನೊಂದಿಲ್ಲ. ಇದಕ್ಕೆ ಮೂರು ಕಾರಣಗಳು.

ಮೊದಲನೆಯದು ಅದು ಕರಗುವ ಬಗೆ. ಕಬ್ಬಿಣ ಕರಗಲು ೧೫೩೮ ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸೀಸಕ್ಕೆ ೩೨೭ ಡಿಗ್ರಿ ಸಾಕು. ಅಡುಗೆಯ ಸೌದೆ ಒಲೆಯ ಮೇಲೆ ಕಬ್ಬಿಣದ ಸೌಟಿನಲ್ಲಿಟ್ಟರೂ ಕರಗುತ್ತದೆ. ಕುಲುಮೆ, ತಿದಿಯ ಹಂಗಿಲ್ಲ. ದಂಡಿನ ಬೀಡಿನಲ್ಲಿ, ಕಾಡಂಚಿನ ಗುಡಿಸಿಲಿನಲ್ಲಿ, ಎಲ್ಲಿ ಬೇಕಾದರೂ ಗುಂಡು ಎರೆಯಬಹುದಿತ್ತು.

ಎರಡನೆಯದು ತೂಕ. ನೀರಿಗೆ ಹೋಲಿಸಿದರೆ ಕಲ್ಲು ಸುಮಾರು ಎರಡೂವರೆ ಪಟ್ಟು, ಕಬ್ಬಿಣ ಸುಮಾರು ಎಂಟು ಪಟ್ಟು, ಸೀಸ ಹನ್ನೊಂದು ಪಟ್ಟಿಗೂ ಹೆಚ್ಚು ಭಾರ. ಒಂದೇ ಗಾತ್ರದ ಗುಂಡುಗಳಲ್ಲಿ ಭಾರವಾದುದು ಗಾಳಿಯ ತಡೆಯನ್ನು ಹೆಚ್ಚು ದೂರ ಸೀಳಿಕೊಂಡು ಹೋಗುತ್ತದೆ. ಬೆಂಡನ್ನು ಎಸೆದಾಗ ಬೇಗ ಬೀಳುವುದೂ ಅಷ್ಟೇ ದಪ್ಪದ ಕಲ್ಲು ದೂರ ಹೋಗುವುದೂ ನಮಗೆಲ್ಲ ಗೊತ್ತಿರುವುದೇ.

ಮೂರನೆಯದು ಮೆದುತನ. ಶುದ್ಧ ಸೀಸದ ಮೇಲೆ ಉಗುರಿನಿಂದ ಗೀರಬಹುದು. ಆದ್ದರಿಂದ ಅದು ಕೋವಿಯ ನಳಿಗೆಯನ್ನು ಸವೆಸುವುದಿಲ್ಲ. ತಾನೇ ಸವೆದು, ಬಾಗಿ, ನಳಿಗೆಗೆ ಹೊಂದಿಕೊಳ್ಳುತ್ತದೆ. ಗುರಿಗೆ ತಾಗಿದಾಗ ಚಪ್ಪಟೆಯಾಗಿ ಹರಡಿ ದೊಡ್ಡ ಗಾಯ ಮಾಡುತ್ತದೆ. ಬೇಟೆಗಾರನಿಗೂ ಸೈನಿಕನಿಗೂ ಬೇಕಾದದ್ದು ಇದೇ ಗುಣ. ಹಾಗೆಯೇ, ಮುಂದೆ ನೋಡುವಂತೆ, ಸೀಸದ ಗುಂಡಿನ ತೊಂದರೆಗಳೆಲ್ಲ ಹುಟ್ಟುವುದೂ ಈ ಮೆದುತನದಿಂದಲೇ.

ಎರಕದ ಹದ

ಸೀಸದ ಗುಂಡಿನ ಅಚ್ಚು ನೋಡಲು ಇಕ್ಕಳದ ಹಾಗೆ. ಎರಡು ದವಡೆಗಳಲ್ಲೂ ಅರ್ಧರ್ಧ ಗುಂಡಿನ ಕುಳಿ, ಮೇಲೆ ಸೀಸ ಹೊಯ್ಯಲು ಸಣ್ಣ ಕಂಡಿ. ದವಡೆ ಮುಚ್ಚಿ ಸೀಸ ಹೊಯ್ದು ತೆರೆದರೆ ಗುಂಡು ಕೆಳಗೆ ಬೀಳುತ್ತದೆ. ಕಂಡಿಯಲ್ಲಿ ನಿಂತ ಸೀಸದ ಬಾಲವನ್ನು ಕತ್ತರಿಸಿ ಮತ್ತೆ ಸೌಟಿಗೆ ಹಾಕುತ್ತಾರೆ. ಕೇಳಲು ಇಷ್ಟೆ. ಆದರೆ ಇಡ್ಲಿ ಬೇಯಿಸುವುದೂ ಕೇಳಲು ಇಷ್ಟೆ. ಹದ ತಿಳಿದವನ ಕೈಯೇ ಬೇರೆ.

ಅಚ್ಚು ತಣ್ಣಗಿದ್ದರೆ ಸೀಸ ಒಳಗೆ ತುಂಬುವ ಮೊದಲೇ ಗಟ್ಟಿಯಾಗಿ ಗುಂಡಿನ ಮೈ ಸುಕ್ಕುಗಟ್ಟುತ್ತದೆ. ಆದ್ದರಿಂದ ಮೊದಲ ಕೆಲವು ಗುಂಡುಗಳು ಯಾವಾಗಲೂ ಹಾಳು. ಅಚ್ಚು ಕಾಯುವವರೆಗೆ ಅವನ್ನು ಮತ್ತೆ ಕರಗಿಸಬೇಕು. ಅಚ್ಚು ಮಿತಿಮೀರಿ ಕಾದರೆ ಗುಂಡಿನ ಮೇಲೆ ಮಂಜು ಕವಿದಂತೆ ಮಬ್ಬು ಬರುತ್ತದೆ. ಇವೆರಡರ ನಡುವಿನ ಶಾಖದಲ್ಲಿ ಬಿದ್ದ ಗುಂಡು ಬೆಳ್ಳಿಯಂತೆ ಹೊಳೆಯುತ್ತದೆ. ಕರಗಿದ ಸೀಸದ ಮೇಲೆ ಬೂದುಬಣ್ಣದ ಕಿಟ್ಟ ಕಟ್ಟುತ್ತದೆ. ಗಾಳಿ ತಾಗಿ ಉಂಟಾದ ಸೀಸದ ಭಸ್ಮ ಅದು. ಅದಕ್ಕೆ ಒಂದು ಚೂರು ಜೇನುಮೇಣ ಹಾಕಿ ಕದಡಿದರೆ ಹೊಗೆಯೆದ್ದು, ಕಿಟ್ಟದಲ್ಲಿ ಸೇರಿದ್ದ ಲೋಹ ಮತ್ತೆ ಸೀಸವಾಗಿ ಕೆಳಗಿಳಿಯುತ್ತದೆ. ಉಳಿದ ಕಸವನ್ನು ಸೌಟಿನಿಂದ ತೆಗೆದುಹಾಕಬಹುದು. ಮೇಣ ಉರಿಯುವಾಗ ಕಿಟ್ಟದಲ್ಲಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತದೆ ಎಂಬುದು ಇದರ ಹಿಂದಿನ ರಸಾಯನ. ಹಳೆಯ ಎರಕದವರಿಗೆ ಈ ವಿವರಣೆ ಬೇಕಿರಲಿಲ್ಲ, ಫಲ ಕಂಡಿದ್ದರು.

ಅಪ್ಪಟ ಸೀಸ ಅಚ್ಚಿನ ಮೂಲೆಗಳಿಗೆ ಸರಿಯಾಗಿ ಹರಿಯುವುದಿಲ್ಲ. ಸ್ವಲ್ಪ ತವರ ಬೆರೆಸಿದರೆ ಚೆನ್ನಾಗಿ ಹರಿಯುತ್ತದೆ. ಗುಂಡು ಗಡುಸಾಗಬೇಕಾದರೆ ಆಂಟಿಮನಿ ಎಂಬ ಲೋಹವನ್ನು ಸೇರಿಸುತ್ತಾರೆ. ಇದೇ ಮೂರು ಲೋಹಗಳ ಮಿಶ್ರಣದಿಂದ ಹಿಂದೆ ಮುದ್ರಣಾಲಯಗಳ ಅಚ್ಚುಮೊಳೆಗಳನ್ನೂ ಎರೆಯುತ್ತಿದ್ದರು. ಇಂಥ ಪುರವಣಿಯ ಅಕ್ಷರಗಳೂ ಒಂದು ಕಾಲದಲ್ಲಿ ಗುಂಡಿನ ದಾಯಾದಿಗಳೇ ಆಗಿದ್ದವು ಎನ್ನಬಹುದು.

ಈ ಕೆಲಸದಲ್ಲಿ ಅಪಾಯವೂ ಇತ್ತು. ಕುದಿಯುವ ಸೀಸದೊಳಗೆ ಒಂದು ಹನಿ ನೀರು ಹೊಕ್ಕರೂ ಅದು ತಟ್ಟನೆ ಆವಿಯಾಗಿ ಸೀಸವನ್ನು ಮುಖಕ್ಕೆ ಎರಚುತ್ತದೆ. ಕಣ್ಣಿಗೆ ಕಾಣದ ಅಪಾಯ ಇನ್ನೂ ದೊಡ್ಡದು. ಸೀಸದ ಧೂಳು ಕೈಯಿಂದ ಬಾಯಿಗೆ, ಬಾಯಿಂದ ರಕ್ತಕ್ಕೆ ಸೇರಿ ನರಗಳನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ. ಮಕ್ಕಳಿಗಂತೂ ಇದು ಮಿದುಳಿನ ಬೆಳವಣಿಗೆಯನ್ನೇ ಕುಂಠಿಸುವ ವಿಷ.

‘ಹನ್ನೆರಡು ಬೋರು’ ಎಂದರೇನು?

ಕೋವಿಗಳ ಮಾತು ಬಂದಾಗ ‘ಹನ್ನೆರಡು ಬೋರಿನ ಕೋವಿ’ ಎಂಬುದು ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಕೇಳಿಬರುತ್ತದೆ. ಈ ಹನ್ನೆರಡು ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡು ಸೀಸದಿಂದ ನಳಿಗೆಯ ಬಾಯಿಗೆ ಸರಿಹೊಂದುವ ಹನ್ನೆರಡು ಗುಂಡು ಎರೆಯಬಹುದಾದರೆ ಅದು ಹನ್ನೆರಡು ಬೋರು. ಲೆಕ್ಕ ಹಾಕಿ ನೋಡಿ: ೪೫೩ ಗ್ರಾಮಿನಷ್ಟಿರುವ ಪೌಂಡನ್ನು ಹನ್ನೆರಡು ಪಾಲು ಮಾಡಿದರೆ ಒಂದು ಗುಂಡಿಗೆ ಸುಮಾರು ೩೮ ಗ್ರಾಂ. ಅಷ್ಟು ತೂಕದ ಸೀಸದ ಗೋಲಿಯ ಅಡ್ಡಳತೆ ಸುಮಾರು ಹದಿನೆಂಟೂವರೆ ಮಿಲಿಮೀಟರು. ಹನ್ನೆರಡು ಬೋರಿನ ನಳಿಗೆಯ ಅಳತೆಯೂ ಅದೇ. ಬೋರಿನ ಸಂಖ್ಯೆ ಹೆಚ್ಚಿದಂತೆ ನಳಿಗೆ ಸಣ್ಣದಾಗುವುದು ಇದೇ ಕಾರಣಕ್ಕೆ. ಮನೆಯಲ್ಲಿ ಗುಂಡು ಎರೆಯುತ್ತಿದ್ದ ಕಾಲದ ಗುರುತು ಇಂದಿನ ಲೈಸೆನ್ಸ್ ಪುಸ್ತಕದಲ್ಲೂ ಹೀಗೆ ಉಳಿದುಬಂದಿದೆ.

ಹಕ್ಕಿ ಹೊಡೆಯುವ ಚರೆಯ ಕತೆ ಬೇರೆ. ಅಷ್ಟು ಸಣ್ಣ ಕಾಳುಗಳನ್ನು ಒಂದೊಂದಾಗಿ ಎರೆಯುವುದು ಆಗದ ಮಾತು. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವಿಲಿಯಂ ವಾಟ್ಸ್ ಎಂಬಾತ ೧೭೮೨ರಲ್ಲಿ ಇದಕ್ಕೊಂದು ಉಪಾಯಕ್ಕೆ ಪೇಟೆಂಟ್ ಪಡೆದ. ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ಕೆಳಗೆ ನೀರಿಗೆ ಬೀಳಿಸಿದರೆ, ಮಳೆಹನಿಯಂತೆ ದಾರಿಯಲ್ಲೇ ದುಂಡಗಾಗಿ ಗಟ್ಟಿಯಾಗುತ್ತದೆ. ಇದಕ್ಕೆಂದೇ ಯೂರೋಪು, ಅಮೆರಿಕಗಳಲ್ಲಿ ಎತ್ತರದ ಗೋಪುರಗಳನ್ನು ಕಟ್ಟಿದರು.

ಕೊಬ್ಬು, ಮೇಣ ಮತ್ತು ೧೮೫೭

ಈಗ ಸವರುವ ವಿಚಾರ. ಹಳೆಯ ಬತ್ತಿಕೋವಿ, ಚಕಮಕಿ ಕೋವಿಗಳ ನಳಿಗೆಯ ಒಳಮೈ ನುಣುಪು. ಗುಂಡು ಅದಕ್ಕಿಂತ ತುಸು ಸಣ್ಣದು. ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಸಲಾಕೆಯಿಂದ ಗಿಡಿದರೆ ಆಯಿತು. ಸಡಿಲವಾದ ಗುಂಡು ನಳಿಗೆಯಲ್ಲಿ ಅತ್ತಿತ್ತ ತಾಗುತ್ತ ಹೊರಬೀಳುವುದರಿಂದ ಗುರಿ ನೂರು ಗಜ ದಾಟಿದರೆ ದೇವರೇ ಗತಿ. ನಳಿಗೆಯೊಳಗೆ ಸುರುಳಿಯಾಗಿ ಗಾಡಿ ಕೊರೆದು ಗುಂಡನ್ನು ಬುಗುರಿಯಂತೆ ತಿರುಗಿಸಿದರೆ ಅದು ನೇರ ಹೋಗುತ್ತದೆ. ಅದೇ ರೈಫಲ್. ಆದರೆ ತಿರುಗಬೇಕಾದರೆ ಗುಂಡು ಗಾಡಿಗಳನ್ನು ಬಿಗಿಯಾಗಿ ಕಚ್ಚಿಕೊಳ್ಳಬೇಕು. ಬಿಗಿಯಾಗಿ ಕಚ್ಚಿದ ಮೆದು ಸೀಸ ನಳಿಗೆಗೆ ಉಜ್ಜಿ ಅಂಟಿಕೊಳ್ಳುತ್ತದೆ. ಅದರ ಜೊತೆಗೆ ಕರಿಮದ್ದಿನ ಮಸಿ. ಕರಿಮದ್ದು ಉರಿದಾಗ ಅದರ ಅರ್ಧಕ್ಕೂ ಹೆಚ್ಚು ಭಾಗ ಹೊಗೆ ಮತ್ತು ಮಸಿಯ ರೂಪದ ಘನವಸ್ತುವಾಗಿಯೇ ಉಳಿಯುತ್ತದೆ. ಕೆಲವು ಈಡುಗಳಾಗುವಷ್ಟರಲ್ಲಿ ನಳಿಗೆ ಕಟ್ಟಿಕೊಂಡು ಮುಂದಿನ ಗುಂಡು ಇಳಿಯುವುದೇ ಇಲ್ಲ.

ಇದಕ್ಕೆ ಮದ್ದೇ ಜಿಡ್ಡು. ಕೊಬ್ಬು ಉಜ್ಜಾಟವನ್ನು ಕಡಿಮೆ ಮಾಡಿ ಮಸಿಯನ್ನು ಮೆತ್ತಗಿಡುತ್ತದೆ. ಬರೀ ಕೊಬ್ಬು ಬಿಸಿಲಿಗೆ ಕರಗಿ ಹೋಗುವುದರಿಂದ ಗಟ್ಟಿತನಕ್ಕಾಗಿ ಜೇನುಮೇಣವನ್ನು ಸೇರಿಸುತ್ತಾರೆ. ಮೇಣ ಹೆಚ್ಚಾದರೆ ಜಾರುವುದಿಲ್ಲ, ಕೊಬ್ಬು ಹೆಚ್ಚಾದರೆ ನಿಲ್ಲುವುದಿಲ್ಲ. ಚಳಿಯ ದೇಶದ ಹದ ನಮ್ಮ ಬೇಸಿಗೆಗೆ ಒಗ್ಗುವುದಿಲ್ಲ.

ಈ ಸಣ್ಣ ಜಿಡ್ಡಿನ ಪ್ರಶ್ನೆ ಒಂದು ಸಾಮ್ರಾಜ್ಯವನ್ನೇ ನಡುಗಿಸಿದ್ದನ್ನು ಎಲ್ಲರೂ ಓದಿದ್ದೇವೆ. ೧೮೫೩ರ ಮಾದರಿಯ ಎನ್‌ಫೀಲ್ಡ್ ರೈಫಲ್‌ನ ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದು ಸುರಿಯಬೇಕಿತ್ತು. ಗುಂಡಿನ ಭಾಗದ ಕಾಗದಕ್ಕೆ ಜಿಡ್ಡು ಸವರಿರುತ್ತಿತ್ತು. ಅದು ದನದ, ಹಂದಿಯ ಕೊಬ್ಬು ಎಂಬ ಮಾತು ಸಿಪಾಯಿಗಳಲ್ಲಿ ಹಬ್ಬಿತು. ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಸವರಿಕೊಳ್ಳಬಹುದೆಂದು ೧೮೫೭ರ ಜನವರಿ ಕೊನೆಯಲ್ಲಿ ಅಪ್ಪಣೆಯಾಯಿತು. ಕಚ್ಚುವ ಬದಲು ಕೈಯಿಂದ ಹರಿಯಲು ಬಳಿಕ ಅವಕಾಶ ಕೊಟ್ಟರು. ಅಷ್ಟರಲ್ಲಿ ನಂಬಿಕೆ ಮುರಿದಿತ್ತು. ಆ ಮಾರ್ಚ್ ೨೯ರಂದು ಬ್ಯಾರಕ್‌ಪುರದಲ್ಲಿ ಮಂಗಲ ಪಾಂಡೆಯ ಕೋವಿ ಸಿಡಿಯಿತು.

ದಂಗೆಗೆ ಜಿಡ್ಡೊಂದೇ ಕಾರಣವಲ್ಲ, ನಿಜ. ಆದರೆ ಅದರ ಬಿಸಿ ಕನ್ನಡ ನಾಡಿಗೆ ತಟ್ಟಿದ್ದು ಇನ್ನೊಂದು ಬಗೆಯಲ್ಲಿ. ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯಿದೆ ಅದೇ ವರ್ಷ ಬಂತು. ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿ ೧೮೫೭ರ ನವೆಂಬರಿನಲ್ಲಿ ತಿರುಗಿಬಿದ್ದರು. ಊರು ಬೆಂಕಿಗೆ ಆಹುತಿಯಾಯಿತು, ಹಲವರು ಗಲ್ಲಿಗೇರಿದರು. ಲಾವಣಿಕಾರರು ಅವರ ಹೆಸರನ್ನು ಉಳಿಸಿದರು. ಬೇಟೆಯನ್ನೇ ನಂಬಿದವನಿಗೆ ಕೋವಿ ಅನ್ನದ ಸಾಧನವೂ ಹೌದು, ಮಾನದ ಗುರುತೂ ಹೌದು ಎಂಬುದನ್ನು ದೊರೆತನ ತಿಳಿಯಲಿಲ್ಲ.

ಹೊಸದುರ್ಗ-ಹೊಳಲ್ಕೆರೆಯ ಹುಲಿ

ಇನ್ನು ಲಿವರ್ ರೈಫಲ್. ಕುದುರೆಗಾಡಿನ ಅಮೆರಿಕದ ಚಿತ್ರಗಳಲ್ಲಿ ಇದನ್ನು ನೋಡಿರುತ್ತೀರಿ. ಬೆರಳು ತೂರಿಸುವ ಕಬ್ಬಿಣದ ಬಳೆಯೊಂದು ಕುದುರೆಯ ಕೆಳಗೆ ಇರುತ್ತದೆ. ಅದನ್ನು ಕೆಳಕ್ಕೆ ತಳ್ಳಿ ಮೇಲಕ್ಕೆಳೆದರೆ ಖಾಲಿ ತೋಟಾ ಹೊರಗೆ ಹಾರಿ ಹೊಸದು ಒಳಗೆ ಕೂರುತ್ತದೆ. ೧೮೬೦ರ ಹೆನ್ರಿ, ೧೮೭೩ರ ವಿಂಚೆಸ್ಟರ್ ಇದರ ಹೆಸರಾಂತ ಮಾದರಿಗಳು. ಇವುಗಳಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೊಂದು ಮಲಗಿರುತ್ತವೆ. ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಕೇಪಿಗೆ ತಾಗಿರುವುದರಿಂದ ಮೂತಿ ಚೂಪಾಗಿದ್ದರೆ ಕುಲುಕಾಟಕ್ಕೆ ಸಿಡಿದೀತು. ಆದ್ದರಿಂದ ಅವಕ್ಕೆ ಮೊಂಡುಮೂತಿಯ ಗುಂಡು. ಗುಂಡಿನ ಸುತ್ತ ಕೊರೆದ ಸಣ್ಣ ಗಾಡಿಗಳಲ್ಲಿ ಮೇಣ-ಕೊಬ್ಬು ತುಂಬಿರುತ್ತದೆ. ಮೇಲೆ ಸವರಿದ ಜಿಡ್ಡು ಈಗ ಒಳಗೇ ಮನೆ ಮಾಡಿತು ಎನ್ನಬಹುದು.

ಮುಂದೆ ಬಂತು ಹೊಗೆಯಿಲ್ಲದ ಮದ್ದು. ೧೮೮೪ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಇದನ್ನು ರೂಪಿಸಿದ. ಕರಿಮದ್ದಿನ ಗುಂಡು ಸೆಕೆಂಡಿಗೆ ನಾನೂರು ಮೀಟರಿನ ಆಸುಪಾಸು ಓಡುತ್ತಿದ್ದರೆ ಹೊಸ ಮದ್ದು ಅದನ್ನು ಆರುನೂರು, ಏಳುನೂರಕ್ಕೆ ಏರಿಸಿತು. ಆ ವೇಗಕ್ಕೆ ಮೆದು ಸೀಸ ಗಾಡಿ ಹಿಡಿಯಲಾರದೆ ಸಿಪ್ಪೆಯಂತೆ ಸುಲಿದು ನಳಿಗೆಗೆ ಮೆತ್ತಿಕೊಳ್ಳುತ್ತಿತ್ತು. ಯಾವ ಮೇಣವೂ ಸಾಲಲಿಲ್ಲ. ಸೀಸದ ಮೇಲೆ ತಾಮ್ರದ ಕವಚ ತೊಡಿಸಿದ ಗುಂಡು ಬಂದದ್ದು ಆಗ. ಕೈ ಎರಕದ ಗುಂಡಿನ ಕಾಲ ಅಲ್ಲಿಗೆ ಬಹುಮಟ್ಟಿಗೆ ಮುಗಿಯಿತು. ಕಾರ್ಖಾನೆಯ ತೋಟಾ ಸಿಗದ ಹಳೆಯ ರೈಫಲ್‌ಗಳಿಗೆ ಹವ್ಯಾಸಿಗಳು ಗಡುಸು ಸೀಸದಿಂದ, ಮದ್ದು ಕಡಿಮೆ ಮಾಡಿ, ಇಂದಿಗೂ ವಿದೇಶಗಳಲ್ಲಿ ಗುಂಡು ಎರೆಯುತ್ತಾರೆ.

ಅಂಥ ಒಂದು ಲಿವರ್ ರೈಫಲ್ ನಮ್ಮ ಚಿತ್ರದುರ್ಗದ ಸೀಮೆಯ ಹೆಸರಿನೊಂದಿಗೂ ಸೇರಿಕೊಂಡಿದೆ. ಬೆಂಗಳೂರಿನ ನಿವಾಸಿ ಕೆನೆತ್ ಆಂಡರ್ಸನ್ (೧೯೧೦-೧೯೭೪) ತನ್ನ ಬೇಟೆಯ ಕತೆಗಳಲ್ಲಿ ಮತ್ತೆ ಮತ್ತೆ ನೆನೆಯುವ ಆಯುಧ ವಿಂಚೆಸ್ಟರ್ ಕಂಪನಿಯ .೪೦೫ ರೈಫಲ್. ೧೮೯೫ರ ಮಾದರಿಯ ಈ ಲಿವರ್ ರೈಫಲ್‌ಗೆ .೪೦೫ ತೋಟಾ ಬಂದದ್ದು ೧೯೦೪ರಲ್ಲಿ. ಸುಮಾರು ೧೯ ಗ್ರಾಮಿನ ಕವಚದ ಗುಂಡು, ಸೆಕೆಂಡಿಗೆ ಸುಮಾರು ೬೭೦ ಮೀಟರ್ ವೇಗ. ೧೯೫೪ರಲ್ಲಿ ಪ್ರಕಟವಾದ ಅವನ ಮೊದಲ ಪುಸ್ತಕದಲ್ಲಿ ಹೊಸದುರ್ಗ-ಹೊಳಲ್ಕೆರೆಯ ನರಭಕ್ಷಕನಿಗೆ ಒಂದು ಅಧ್ಯಾಯವೇ ಮೀಸಲು. ಜೋಗಿಮಟ್ಟಿಯಿಂದ ತೆಂಕಣಕ್ಕೆ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರಿನ ಮಾರಿಕಣಿವೆಯ ಕಡೆಗೆ ಚಾಚಿದ ಕುರುಚಲು ಗುಡ್ಡಗಳಲ್ಲಿ ಹುಲಿ ತಿರುಗುತ್ತಿದ್ದ ಕಾಲವದು. ಇಂದಿನ ತೆಂಗು, ಅಡಿಕೆ ತೋಟಗಳನ್ನು ನೋಡಿದವರಿಗೆ ನಂಬುವುದು ಕಷ್ಟ. ಆಂಡರ್ಸನ್ನನ ಕತೆಗಳು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲೆಯ ಮೂಲಕ ಕನ್ನಡದ ಮನೆಮನೆಗೂ ಬಂದಿವೆ.

ಇಲ್ಲೊಂದು ಮಾತನ್ನು ಗಮನಿಸಬೇಕು. ಹುಲಿ, ಚಿರತೆಗಳು ಸುಮ್ಮನೆ ನರಭಕ್ಷಕವಾಗುವುದಿಲ್ಲ. ಮುಳ್ಳುಹಂದಿಯ ಮುಳ್ಳು, ಮುಪ್ಪು, ಬೇಟೆಯ ಕೊರತೆ ಇವುಗಳ ಜೊತೆ ದೊಡ್ಡ ಕಾರಣ ಕೊಲ್ಲದೆ ಬಿಟ್ಟ ಗುಂಡು. ೧೯೦೭ರಲ್ಲಿ ಜಿಮ್ ಕಾರ್ಬೆಟ್ ಕೊಂದ ಚಂಪಾವತದ ಹೆಣ್ಣುಹುಲಿಯ ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು. ಸಹಜ ಬೇಟೆ ಸಾಧ್ಯವಾಗದೆ ಅದು ಮನುಷ್ಯನತ್ತ ತಿರುಗಿತು. ಹಟ್ಟಿಯ ದನ ಕಳೆದುಕೊಂಡ ರೈತ ಕೇಪಿನ ಕೋವಿಗೆ ಮದ್ದು, ನಾರು, ಮನೆಯಲ್ಲೇ ಎರೆದ ಗುಂಡು ತುಂಬಿ ಕತ್ತಲಲ್ಲಿ ಒಂದು ಈಡು ಹೊಡೆಯುತ್ತಾನೆ. ಸುಕ್ಕುಗಟ್ಟಿದ, ಸಡಿಲ ಗುಂಡು ಎದೆಗೆ ಬೀಳುವ ಬದಲು ಮುಂಗಾಲಿಗೆ ಬೀಳುತ್ತದೆ. ಕುಂಟುವ ಮೃಗ ಜಿಂಕೆಯನ್ನು ಬಿಟ್ಟು ಸೌದೆ ಆರಿಸುವ ಹೆಂಗಸನ್ನು ಹಿಡಿಯುತ್ತದೆ. ರೈತನನ್ನು ದೂರುವಂತಿಲ್ಲ, ಅವನಿಗಿದ್ದದ್ದು ಆ ಒಂದು ದನ, ಆ ಒಂದು ಕೋವಿ. ಹಾಗೆಂದು ಕಾರಣ ಬದಲಾಗುವುದಿಲ್ಲ. ಎರಕದ ಹದ, ಜಿಡ್ಡಿನ ಅಳತೆ ಎಂಬ ಸಣ್ಣ ವಿಷಯಗಳು ಊರಿನ ಜೀವದ ವಿಷಯಗಳಾಗುತ್ತಿದ್ದುದು ಹೀಗೆ. ಗಾಯಗೊಂಡ ಮೃಗವನ್ನು ಹಾಗೇ ಬಿಟ್ಟು ಬರಬಾರದು ಎಂಬುದು ಒಳ್ಳೆಯ ಬೇಟೆಗಾರರ ಮೊದಲ ಕಟ್ಟಳೆಯಾಗಿದ್ದುದೂ ಇದಕ್ಕಾಗಿಯೇ.

ಉಳಿದದ್ದೇನು?

ವನ್ಯಜೀವಿ ಸಂರಕ್ಷಣಾ ಕಾಯಿದೆ ೧೯೭೨ರಲ್ಲಿ ಬಂದು ಬೇಟೆಗೆ ತೆರೆ ಎಳೆಯಿತು. ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ೧೯೫೯ರ ಆಯುಧ ಕಾಯಿದೆಯಂತೆ ಅಪರಾಧ. ಕೋವಿಯನ್ನು ಮನೆಯ ಹಿರಿಯನಂತೆ ಕಾಣುವ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. ೨೦೧೯ರಲ್ಲಿ ಕೇಂದ್ರ ಸರ್ಕಾರ ಅದನ್ನು ೨೦೨೯ರವರೆಗೆ ವಿಸ್ತರಿಸಿತು. ಕೈಲ್‌ಪೊಳ್ದ್ ಹಬ್ಬದಂದು ಅಲ್ಲಿ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಆದರೆ ಬೇಟೆಯ ಕಾಯಿದೆ ಅಲ್ಲಿಗೂ ಅನ್ವಯ.

ಸೀಸದ ಮೇಲಿನ ನಂಬಿಕೆಯೂ ಇಂದು ಕರಗುತ್ತಿದೆ. ಗುಂಡು ತಾಗಿದ ಪ್ರಾಣಿಯ ಒಡಲಲ್ಲಿ ಉಳಿದ ಸೀಸದ ಚೂರುಗಳನ್ನು ತಿಂದ ಹದ್ದುಗಳು ವಿಷವೇರಿ ಸಾಯುತ್ತವೆ ಎಂಬುದು ಖಚಿತವಾಗಿದೆ. ಅಮೆರಿಕದಲ್ಲಿ ನೀರುಹಕ್ಕಿಗಳ ಬೇಟೆಗೆ ಸೀಸದ ಚರೆಯನ್ನು ೧೯೯೧ರಿಂದ ನಿಷೇಧಿಸಿದ್ದಾರೆ. ಕ್ಯಾಲಿಫೋರ್ನಿಯಾ ರಾಜ್ಯ ೨೦೧೯ರಿಂದ ಎಲ್ಲ ಬೇಟೆಗೂ ಸೀಸದ ಗುಂಡನ್ನು ನಿಲ್ಲಿಸಿದೆ. ಮುನ್ನೂರು, ನಾನೂರು ವರ್ಷ ಬೇಟೆಗಾರನ ಕೈ ಹಿಡಿದ ಲೋಹ ಬೇಟೆಯಾಡಿದ ಮೇಲೂ ಕೊಲ್ಲುತ್ತಲೇ ಇತ್ತು.

ಜೋಗಿಮಟ್ಟಿ ಇಂದು ವನ್ಯಜೀವಿಧಾಮ. ಹುಲಿಯ ಗರ್ಜನೆ ಅಲ್ಲಿಲ್ಲ, ಕರಡಿ, ಚಿರತೆಗಳು ಉಳಿದಿವೆ. ಸೀಸ ಮಾತ್ರ ತುಕ್ಕು ಹಿಡಿದು ಮಣ್ಣಾಗುವ ಲೋಹವಲ್ಲ. ಮೇಲೊಂದು ಬಿಳಿಯ ಪೊರೆ ಕಟ್ಟಿಕೊಂಡು ಮಣ್ಣಿನಲ್ಲಿ ಶತಮಾನಗಳ ಕಾಲ ಇರುತ್ತದೆ. ಹಳೆಯ ಕಾಳಗದ ಬಯಲುಗಳನ್ನು ಶೋಧಿಸುವವರು ಇಂಥ ಗುಂಡುಗಳನ್ನೇ ಓದುತ್ತಾರೆ: ಚಪ್ಪಟೆಯಾದದ್ದು ಹಾರಿ ತಾಗಿದ ಗುಂಡು, ದುಂಡಗಿರುವುದು ಗಡಿಬಿಡಿಯಲ್ಲಿ ಯಾರದೋ ಕೈಯಿಂದ ಜಾರಿದ್ದು. ದುರ್ಗದ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಮುಂದಿನ ಸಲ ನೀವು ಕೋಟೆ ಹತ್ತಿದಾಗ ಅಂಥ ಬಿಳಿಬೂದು ಬಣ್ಣದ ಭಾರವಾದ ಗೋಲಿ ಕಣ್ಣಿಗೆ ಬಿದ್ದರೆ ಕಿಸೆಗೆ ಹಾಕಿಕೊಳ್ಳಬೇಡಿ, ಮಕ್ಕಳ ಕೈಗಂತೂ ಕೊಡಲೇಬೇಡಿ. ಇದ್ದಲ್ಲೇ ಬಿಟ್ಟು ಅಲ್ಲಿನ ಸಿಬ್ಬಂದಿಗೆ ತಿಳಿಸಿ. ಮದ್ದಿನ ಕತೆ ಹೇಳಲು ಬೀಸುಕಲ್ಲುಗಳಿವೆ, ಗುಂಡಿನ ಕತೆ ಹೇಳಲು ಉಳಿದಿರುವುದು ಆ ಗೋಲಿಯೊಂದೇ.